ಗಡಿಗಿ, ಹುತ್ತ ಮತ್ತು ದೇವರು

‘ಕಂಪ್ಯೂಟರ್ ದೇವರ ಅಸ್ತಿತ್ವವನ್ನು ಸಾಬೀತು ಮಾಡಿದೆ’ ಅನ್ನೋ ಫಾರ್ವರ್ಡ್ ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ವಾಟ್ಸಾಪ್ ಗುಂಪುಗಳಿಗೆ ತಿರುಗಿ ಬರುತ್ತದೆ. ಕಳಿಸಿದವರು ಕೊನೆಗೆ ಕೈ ಮುಗಿದ ಇಮೋಜಿ ಹಾಕಿರುತ್ತಾರೆ. ಯಾರೋ ಒಬ್ಬ ನಾಸ್ತಿಕ ಗೆಳೆಯ ಕೆಳಗೆ ನಗುವ ಇಮೋಜಿ ಹಾಕುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆ ಸುದ್ದಿಯಲ್ಲಿ ನಿಜಕ್ಕೂ ಏನಿದೆ ಅಂತ ಇಬ್ಬರೂ ನೋಡಿರುವುದಿಲ್ಲ.

ಸುದ್ದಿ ಪೂರ್ತಿ ಸುಳ್ಳಲ್ಲ ನೋಡ್ರಿ. ಗಣಿತಜ್ಞ ಕುರ್ಟ್ ಗೋಡೆಲ್ ದೇವರ ಅಸ್ತಿತ್ವಕ್ಕೆ ಒಂದು ತಾರ್ಕಿಕ ಸಾಬೀತು ಬರೆದಿಟ್ಟಿದ್ದ. 11ನೇ ಶತಮಾನದ ಕ್ರೈಸ್ತ ಸಂತ ಅನ್ಸೆಲ್ಮ್ ಮಾಡಿದ ವಾದಕ್ಕೆ ಅದು ಗಣಿತದ ಉಡುಪು. 2013ರಲ್ಲಿ ಕ್ರಿಸ್ಟೋಫ್ ಬೆನ್ಜ್‌ಮ್ಯೂಲರ್ ಮತ್ತು ಬ್ರೂನೋ ವೊಲ್ಟ್‌ಜೆನ್‌ಲೋಗೆಲ್ ಪಾಲಿಯೋ ಎಂಬ ಇಬ್ಬರು ಸಂಶೋಧಕರು ಅದರ ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಗೋಡೆಲ್ ಬರೆದ ಮೂಲ ರೂಪದಲ್ಲಿ ಒಳವಿರೋಧ ಇದೆ ಅಂತ ಯಂತ್ರವೇ ಪತ್ತೆ ಹಚ್ಚಿತು. ಡೇನಾ ಸ್ಕಾಟ್ ತಿದ್ದಿದ ರೂಪ ಮಾತ್ರ ಪಾಸಾಯಿತು.

ಪಾಸಾದದ್ದು ಏನು? ‘ಈ ಆಕ್ಸಿಯಮ್‌ಗಳನ್ನು ಒಪ್ಪಿದರೆ ಈ ತೀರ್ಮಾನ ಬರುತ್ತದೆ’ ಅನ್ನೋದು. ಆಕ್ಸಿಯಮ್‌ಗಳು ನಿಜವೋ ಅಲ್ಲವೋ ಅನ್ನೋದನ್ನು ಯಾವ ಯಂತ್ರವೂ ಪರೀಕ್ಷಿಸಿಲ್ಲ. ಇದು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಟೆಸ್ಟ್‌ಗಳೆಲ್ಲ ಹಸಿರು, ಬಿಲ್ಡ್ ಓಕೆ, ಆದರೆ ರಿಕ್ವೈರ್‌ಮೆಂಟೇ ತಪ್ಪು ಅನ್ನೋ ಪ್ರಾಜೆಕ್ಟ್‌ಗಳಲ್ಲಿ ನಾವೆಲ್ಲ ರಾತ್ರಿ ಕಳೆದವರೇ. ಇನ್ನೊಂದು ತೊಡಕೂ ಇದೆ. ಆ ಆಕ್ಸಿಯಮ್‌ಗಳನ್ನು ಒಪ್ಪಿದರೆ, ಜಗತ್ತಿನಲ್ಲಿ ಆದದ್ದೆಲ್ಲ ಹಾಗೇ ಆಗಲೇಬೇಕಿತ್ತು, ಬೇರೆ ದಾರಿಯೇ ಇರಲಿಲ್ಲ ಅನ್ನೋದೂ ಜೊತೆಗೇ ಸಾಬೀತಾಗಿಬಿಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತದೆ.

ನನ್ನ ತಕರಾರು ಫಾರ್ವರ್ಡ್ ಮಾಡುವವರ ಮೇಲೆ ಅಷ್ಟಿಲ್ಲ. ದೇವರ ಸಾಬೀತು ಅಂದ ಕೂಡಲೇ ನಾವು ಬರ್ಲಿನ್ನು, ವಿಯೆನ್ನಾ, ಇಲ್ಲವೇ ಯೂಟ್ಯೂಬಿನ ಡಿಬೇಟುಗಳ ಕಡೆ ನೋಡುತ್ತೇವಲ್ಲ, ಅದರ ಮೇಲೆ. ಈ ಜಗಳ ನಮ್ಮ ಮಗ್ಗುಲಲ್ಲೇ ನಡೆದಿದೆ, ಇನ್ನೂ ಚೆನ್ನಾಗಿ ನಡೆದಿದೆ.

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಸುಮಾರು 40 ಕಿಲೋಮೀಟರ್ ಹೋದರೆ ಮಳಖೇಡ. ಈಗ ಬಹಳ ಮಂದಿಗೆ ಅದು ಸಿಮೆಂಟ್ ಫ್ಯಾಕ್ಟರಿಯ ಊರು. 9ನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜೈನ ಆಚಾರ್ಯ ಜಿನಸೇನ. ಅವನ ಸಂಸ್ಕೃತ ‘ಆದಿಪುರಾಣ’ವೇ 941ರ ಪಂಪನ ಕನ್ನಡ ‘ಆದಿಪುರಾಣ’ಕ್ಕೆ ಆಧಾರ. ಪಂಪನನ್ನು ಪಠ್ಯದಲ್ಲಿ ಓದಿದ ನಮಗೆ ಜಿನಸೇನನ ಒಂದು ಭಾಗ ಯಾರೂ ಹೇಳಿಕೊಟ್ಟಿಲ್ಲ. ಜಗತ್ತನ್ನು ದೇವರು ಮಾಡಿದ ಅನ್ನೋ ವಾದವನ್ನು ಅವನು ಅಲ್ಲಿ ಸಾಲು ಸಾಲಾಗಿ ಬಿಚ್ಚಿಹಾಕುತ್ತಾನೆ. ಕಾರ್ಲ್ ಸೇಗನ್ ತನ್ನ 1980ರ ‘ಕಾಸ್ಮೋಸ್’ ಪುಸ್ತಕದ ಒಂದು ಅಧ್ಯಾಯದ ತಲೆಯ ಮೇಲೆ ಇದೇ ಭಾಗವನ್ನು ಹಾಕಿಕೊಂಡಿದ್ದಾನೆ. ನಮ್ಮ ಜಿಲ್ಲೆಯ ನಂಟಿನ ಮಾತು ಅಮೆರಿಕ ಸುತ್ತಿಕೊಂಡು ನಮಗೆ ತಲುಪಬೇಕಾಯಿತು.

ಜಿನಸೇನ ಯಾವ ವಾದಕ್ಕೆ ಉತ್ತರ ಕೊಡುತ್ತಿದ್ದ? ಗಡಿಗಿಯ ವಾದಕ್ಕೆ. ನ್ಯಾಯ ದರ್ಶನದವರ ಮಾತು ಇಷ್ಟು: ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಆದ್ದರಿಂದ ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿ ಊಹಿಸುತ್ತೇವೆ. ಹಾಗೆಯೇ ಮಾಡಲ್ಪಟ್ಟ ವಸ್ತು ಇದ್ದಲ್ಲಿ ಅದನ್ನು ಮಾಡುವ ಬುದ್ಧಿಯುಳ್ಳವನೊಬ್ಬ ಇರುತ್ತಾನೆ. ಗಡಿಗಿಗೆ ಕುಂಬಾರ, ಬಟ್ಟೆಗೆ ನೇಕಾರ. ಭೂಮಿ, ಗುಡ್ಡ, ಮೊಳಕೆ ಇವೂ ಹುಟ್ಟಿದ ವಸ್ತುಗಳೇ, ಭಾಗ ಭಾಗ ಕೂಡಿ ಆದವೇ. ಅಂದಮೇಲೆ ಅವಕ್ಕೂ ಒಬ್ಬ ಕರ್ತೃ ಇರಬೇಕು. ಅವನೇ ಈಶ್ವರ. ಮಿಥಿಲೆಯ ಉದಯನ ಮುಂದೆ ‘ನ್ಯಾಯಕುಸುಮಾಂಜಲಿ’ಯಲ್ಲಿ ಇಂಥ ಒಂಬತ್ತು ಹೇತುಗಳನ್ನು ಜೋಡಿಸಿದ. ದೇವರಿಗಾಗಿ ಭಾರತದಲ್ಲಿ ಬರೆದ ಇಷ್ಟು ಬಿಗಿಯಾದ ವಕಾಲತ್ತು ಇನ್ನೊಂದಿಲ್ಲ. ಇಂಗ್ಲೆಂಡಿನ ವಿಲಿಯಂ ಪೇಲಿ 1802ರಲ್ಲಿ ಕೈಗಡಿಯಾರದ ಉದಾಹರಣೆ ಕೊಟ್ಟು ಹೆಸರು ಮಾಡಿದ. ನಮ್ಮವರು ಗಡಿಗಿ ಹಿಡಿದು ಆಗಲೇ ನೂರಾರು ವರ್ಷ ವಾದ ಮಾಡಿ ಆಗಿತ್ತು.

ಈ ವಾದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪೆಟ್ಟು 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯದು. ಗಡಿಗಿ ಮಣ್ಣಿನದು, ಅದನ್ನು ಕುಂಬಾರ ಮಾಡಿದ. ಹುತ್ತವೂ ಮಣ್ಣಿನದೇ. ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದ ಅನ್ನುತ್ತೀರಾ? ಒಂದು ಹೆಸರು ಎರಡಕ್ಕೂ ಹತ್ತುತ್ತದೆ ಅಂದಮಾತ್ರಕ್ಕೆ ಎರಡರ ಕಾರಣವೂ ಒಂದೇ ಆಗೋದಿಲ್ಲ. ‘ಮಾಡಲ್ಪಟ್ಟದ್ದು’ ಅನ್ನೋ ಮಾತು ಗಡಿಗಿಗೆ ಒಂದು ಅರ್ಥದಲ್ಲಿ, ಗುಡ್ಡಕ್ಕೆ ಇನ್ನೊಂದು ಅರ್ಥದಲ್ಲಿ ಹತ್ತುತ್ತದೆ. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ಹುತ್ತಕ್ಕೆ ಹಾಲು ಎರೆಯುವಾಗ ಈ ಹುತ್ತ ಎಂಥ ದೊಡ್ಡ ವಾದದಲ್ಲಿ ಸಾಕ್ಷಿ ಹೇಳಿದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಅದರೊಳಗಿನ ಗೆದ್ದಲಿಗೆ ನಕ್ಷೆ ಗೊತ್ತಿಲ್ಲ, ಮೇಸ್ತ್ರಿ ಇಲ್ಲ. ಆದರೂ ಗಾಳಿ ಆಡುವ ಕೋಣೆಗಳುಳ್ಳ ಮನೆ ಏಳುತ್ತದೆ.

ನೈಯಾಯಿಕರು ಸುಮ್ಮನೆ ಕೂರುವವರಲ್ಲ. ‘ಹುತ್ತ, ಮೊಳಕೆ ಇವೆಲ್ಲ ವಿವಾದದೊಳಗಿನ ವಸ್ತುಗಳು. ಅವಕ್ಕೂ ದೇವರೇ ಕರ್ತೃ ಅಂತಲೇ ನಾವು ಹೇಳ್ತಿರೋದು. ವಿವಾದದಲ್ಲಿರೋದನ್ನೇ ತಂದು ನಿಯಮ ಮುರಿಯಿತು ಅನ್ನಬಾರದು’ ಅನ್ನೋದು ಅವರ ಉತ್ತರ. ತರ್ಕದ ನಿಯಮದ ಪ್ರಕಾರ ಇದು ನ್ಯಾಯವಾದ ಉತ್ತರವೇ. ಆದರೆ ಇದರ ಬೆಲೆ ಏನು ನೋಡ್ರಿ. ನಿಸರ್ಗದ ವಸ್ತುಗಳನ್ನೆಲ್ಲ ವಿವಾದದೊಳಗೆ ತಳ್ಳಿದ ಮೇಲೆ ಉದಾಹರಣೆಗೆ ಉಳಿಯೋದು ಮನುಷ್ಯ ಮಾಡಿದ ವಸ್ತುಗಳು ಮಾತ್ರ. ಬರೀ ಗಡಿಗಿ, ಬಟ್ಟೆ, ಮನೆ ತೋರಿಸಿ ಒಂದು ಮಾಡೆಲ್ ಟ್ರೇನ್ ಮಾಡಿ, ಆಮೇಲೆ ಅದಕ್ಕೆ ಹಿಮಾಲಯ ತೋರಿಸಿದರೆ ಅದು ‘ಯಾರೋ ಕಟ್ಟಿದ್ದು’ ಅಂತಲೇ ಹೇಳುತ್ತದೆ. ಬೇರೆ ಉತ್ತರ ಅದಕ್ಕೆ ಗೊತ್ತೇ ಇಲ್ಲ. ಆ ಉತ್ತರ ನಮಗೆ ಹಿಮಾಲಯದ ಬಗ್ಗೆ ಹೇಳೋದಕ್ಕಿಂತ ನಮ್ಮ ಡೇಟಾದ ಬಗ್ಗೆ ಹೆಚ್ಚು ಹೇಳುತ್ತದೆ.

ಈಗ ಜಿನಸೇನನಿಗೆ ಬರೋಣ. ಅವನ ಪ್ರಶ್ನೆಗಳೆಲ್ಲ ಒಂದೇ ತೂಕದವಲ್ಲ. ಜಗತ್ತು ಇಲ್ಲದಾಗ ದೇವರು ಎಲ್ಲಿ ನಿಂತಿದ್ದ ಅಂತ ಕೇಳುತ್ತಾನೆ. ಓದಲು ಖುಷಿ ಕೊಡುವ ಪ್ರಶ್ನೆ, ಆದರೆ ದೇವರಿಗೆ ನಿಲ್ಲಲು ಜಾಗ ಬೇಕು ಅಂತ ಎದುರಾಳಿ ಹೇಳಿಯೇ ಇಲ್ಲ. ಇಲ್ಲಿ ಅವನ ಬಾಣ ಗುರಿ ತಪ್ಪಿದೆ. ಎರಡನೆಯದು ಗಟ್ಟಿ: ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ್ದರೆ ಅದಕ್ಕೆ ಸಾಮಗ್ರಿ ಯಾವುದು ಅಂತ ಕೊನೆಯಿಲ್ಲದೆ ಕೇಳುತ್ತ ಹೋಗಬೇಕು. ಸಾಮಗ್ರಿ ತಾನೇ ಇತ್ತು ಅಂದರೆ ಜಗತ್ತೂ ತಾನೇ ಇರಬಹುದಲ್ಲ? ನ್ಯಾಯ ದರ್ಶನದವರಿಗೆ ಇದು ಸರಿಯಾಗಿ ತಾಗುತ್ತದೆ, ಯಾಕೆಂದರೆ ಪರಮಾಣುಗಳು ನಿತ್ಯ, ದೇವರು ಅವನ್ನು ಜೋಡಿಸಿದ ಅಷ್ಟೇ ಅಂತ ಅವರೇ ಒಪ್ಪಿದ್ದಾರೆ. ಮೂರನೆಯದು ಎಲ್ಲಕ್ಕಿಂತ ತೀಕ್ಷ್ಣ: ಕರುಣೆಯಿಂದ ಮಾಡಿದ ಅನ್ನುವಿರಾದರೆ, ಸುಖ ಮಾತ್ರ ಯಾಕೆ ಮಾಡಲಿಲ್ಲ?

ಇಷ್ಟೆಲ್ಲ ಕೆಡವಿದ ಮೇಲೆ ಜಿನಸೇನ, ಜಗತ್ತನ್ನು ಯಾರೂ ಮಾಡಿಲ್ಲ, ಅದಕ್ಕೆ ಆದಿ ಇಲ್ಲ, ಅಂತ್ಯ ಇಲ್ಲ ಅಂತ ತೀರ್ಪು ಕೊಡುತ್ತಾನೆ. ಇಲ್ಲಿ ನಾನು ಅವನ ಜೊತೆ ಹೋಗಲಾರೆ. ಎದುರಾಳಿಯ ಸಾಬೀತು ಬಿದ್ದರೆ ನನ್ನ ಮಾತು ತಾನಾಗಿ ಸಾಬೀತಾಗೋದಿಲ್ಲ. ಪ್ರಾಸಿಕ್ಯೂಷನ್ ಸೋತ ಮಾತ್ರಕ್ಕೆ ಆರೋಪಿ ಆ ರಾತ್ರಿ ಎಲ್ಲಿದ್ದ ಅಂತ ತಿಳಿಯುವುದಿಲ್ಲ. ನಮ್ಮ ಕಾಲದ ನಾಸ್ತಿಕ ಗೆಳೆಯರು ಜಿನಸೇನನನ್ನು ಹಂಚಿಕೊಳ್ಳುವಾಗ ಈ ಕೊನೆಯ ಜಿಗಿತವನ್ನು ನೋಡಿಯೂ ನೋಡದ ಹಾಗೆ ಬಿಟ್ಟುಬಿಡುತ್ತಾರೆ. ಅವನು ಅವರ ಅರ್ಥದ ನಾಸ್ತಿಕನೂ ಅಲ್ಲ. ಕರ್ಮ, ಪುನರ್ಜನ್ಮ, ಮೋಕ್ಷ ಎಲ್ಲ ಅವನಿಗೆ ಬೇಕು. ಸೃಷ್ಟಿಕರ್ತ ಮಾತ್ರ ಬೇಡ.

ಇಲ್ಲಿಗೆ ಆಸ್ತಿಕ ಒಂದು ಕಡೆ, ನಾಸ್ತಿಕ ಒಂದು ಕಡೆ ಅಂತ ಸಾಲು ಹಚ್ಚಿ ನಿಂತರು ಅನ್ನಿಸಬಹುದು. ಹಾಗಾಗಲಿಲ್ಲ ಅನ್ನೋದೇ ಈ ಕಥೆಯ ಸ್ವಾರಸ್ಯ. ಗಡಿಗಿಯ ವಾದವನ್ನು ಗಟ್ಟಿಯಾಗಿ ತಳ್ಳಿಹಾಕಿದವರಲ್ಲಿ ದೊಡ್ಡ ದೊಡ್ಡ ಭಕ್ತರೇ ಇದ್ದಾರೆ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಕೇಳುವ ಪ್ರಶ್ನೆಯ ಸಾರ ಇದು: ದೊಡ್ಡ ವಸ್ತುಗಳನ್ನು ಒಬ್ಬನೇ ಮಾಡೋದನ್ನು ಎಲ್ಲಿ ನೋಡಿದ್ದೀರಿ? ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯನ್ನೇ ತೆಗೆದುಕೊಳ್ರಿ. 1367ರ ಕಟ್ಟಡ, ಅಂಗಳವೆಲ್ಲ ಗುಮ್ಮಟಗಳ ಕೆಳಗೆ. ಅದನ್ನು ನೋಡಿದವನು ‘ಬಹಳ ಕೈ ಸೇರಿ ಕಟ್ಟಿದ್ದಾರೆ’ ಅಂತ ಊಹಿಸಬೇಕೇ ಹೊರತು ‘ಒಬ್ಬನೇ ಸರ್ವಶಕ್ತ ಕಟ್ಟಿದ’ ಅಂತಲ್ಲ. ನಮ್ಮ ಕೋಡ್‌ಬೇಸ್‌ಗಳೂ ಅಷ್ಟೇ, ದೊಡ್ಡದಾದಷ್ಟೂ ಕಮಿಟ್ ಮಾಡಿದವರು ಹೆಚ್ಚು. ಇದರ ಜೊತೆಗೆ, ಕಂಡ ಕುಂಬಾರರಿಗೆಲ್ಲ ಮೈ ಇದೆ, ಕೈ ಇದೆ. ಹಾಗಾದರೆ ಜಗತ್ತಿನ ಕರ್ತೃವಿಗೂ ಮೈ ಇರಬೇಕು. ಉದಾಹರಣೆಯನ್ನು ಪ್ರಾಮಾಣಿಕವಾಗಿ ಹಿಡಿದರೆ ಅದು ನಮ್ಮನ್ನು ಬೇಡದ ಕಡೆ ಒಯ್ಯುತ್ತದೆ.

ಮಧ್ವರೂ ಇದೇ ದಾರಿಯವರು. ಬರೀ ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ವಿಷ್ಣುವನ್ನು ತಿಳಿಯಲಾಗದು, ಸದಾಗಮಗಳಿಂದ ಮಾತ್ರ ಅನ್ನೋದು ಅವರ ನಿಲುವು. ಆ ಪರಂಪರೆಯ ಮಹಾ ತಾರ್ಕಿಕ, ‘ನ್ಯಾಯಸುಧಾ’ ಬರೆದ 14ನೇ ಶತಮಾನದ ಟೀಕಾಚಾರ್ಯ ಜಯತೀರ್ಥರು. ಅವರ ಬೃಂದಾವನವೆಂದು ಭಕ್ತರು ಕೈಮುಗಿಯುವ ಸ್ಥಳ ಇರೋದು ಅದೇ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ. ತರ್ಕದಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಅಂಥವರ ಪರಂಪರೆಯೇ ದೇವರ ವಿಷಯಕ್ಕೆ ಬಂದಾಗ ‘ಬರೀ ತರ್ಕ ಇಲ್ಲಿ ಸಾಲದು’ ಅನ್ನುತ್ತದೆ. ಒಂದೇ ಊರಿನ ನೆನಪಿನಲ್ಲಿ ದೇವರನ್ನು ಅಲ್ಲಗಳೆದ ಜೈನ ಆಚಾರ್ಯನೂ ದೇವರಿಗೆ ಬದುಕು ಮುಡಿಪಿಟ್ಟ ಮಾಧ್ವ ಯತಿಯೂ ಇದ್ದಾರೆ. ಗಡಿಗಿಯಿಂದ ದೇವರವರೆಗೆ ದಾರಿ ಇಲ್ಲ ಅನ್ನೋದರಲ್ಲಿ ಇಬ್ಬರ ಪಕ್ಷವೂ ಒಂದೇ. ಇದನ್ನು ನಮ್ಮ ಡಿಬೇಟ್ ವಿಡಿಯೋಗಳು ಯಾವತ್ತೂ ಹೇಳೋದಿಲ್ಲ.

ಹಾಗಿದ್ದರೆ ನೈಯಾಯಿಕರು ಯಾಕೆ ಇಷ್ಟು ಬೆವರು ಸುರಿಸಿದರು? ಅವರಿಗೆ ಬೇರೆ ದಾರಿ ಇರಲಿಲ್ಲ. ವೇದ ಪ್ರಮಾಣ ಯಾಕೆ ಅಂದರೆ ಅದನ್ನು ಸರ್ವಜ್ಞನಾದ ಈಶ್ವರ ಹೇಳಿದ ಅನ್ನೋದು ಅವರ ಉತ್ತರ. ಈಶ್ವರ ಇದ್ದಾನೆ ಅನ್ನೋದಕ್ಕೆ ಮತ್ತೆ ವೇದವನ್ನೇ ತೋರಿಸಿದರೆ ಅದು ಸುತ್ತು ಬಳಸಿದ ಮಾತಾಗುತ್ತದೆ. ಎರಡು ಮಾಡ್ಯೂಲ್ ಒಂದರ ಮೇಲೊಂದು ಅವಲಂಬಿಸಿ ಕೂತರೆ ಯಾವುದೂ ಲೋಡ್ ಆಗೋದಿಲ್ಲ. ಅದಕ್ಕೇ ಅವರಿಗೆ ಹೊರಗಿನ ಸಾಬೀತು ಬೇಕಾಯಿತು. ಮೀಮಾಂಸಕರು, ಮಾಧ್ವರು ಇನ್ನೊಂದು ದಾರಿ ಹಿಡಿದರು. ವೇದಕ್ಕೆ ಕರ್ತೃವೇ ಇಲ್ಲ, ಅದು ಅಪೌರುಷೇಯ ಅಂದರು. ಅಲ್ಲಿಗೆ ಸುತ್ತು ಬಿಚ್ಚಿತು.

ಬಿಚ್ಚಿತೇ? ಇಲ್ಲಿ ನನ್ನ ತಕರಾರು ಭಕ್ತರ ಕಡೆಗೂ ತಿರುಗುತ್ತದೆ. ಶಾಸ್ತ್ರವೇ ಪ್ರಮಾಣ ಅನ್ನುವುದಾದರೆ ಯಾರ ಶಾಸ್ತ್ರ? ಕಲಬುರಗಿಯಲ್ಲಿ ಒಂದು ಆಟೋ ಹಿಡಿದು ಅರ್ಧ ದಿನದಲ್ಲಿ ಶರಣಬಸವೇಶ್ವರ ಗುಡಿ, 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ, ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರ ಮೂರನ್ನೂ ನೋಡಿ ಬರಬಹುದು. ಒಂದು ಕಡೆ ಶಿವ, ಒಂದು ಕಡೆ ಅಲ್ಲಾಹ್, ಒಂದು ಕಡೆ ಸೃಷ್ಟಿಕರ್ತನೇ ಬೇಡ ಅನ್ನುವ ಮಾರ್ಗ. ಒಬ್ಬೊಬ್ಬರಿಗೂ ಅವರವರ ಮಾತೇ ಪ್ರಮಾಣ. ಜಿನಸೇನನಿಗೂ ಅವನದೇ ಆಗಮವಿತ್ತು. ತರ್ಕ ಸೋತಲ್ಲಿ ಶಾಸ್ತ್ರವನ್ನು ತಂದು ನಿಲ್ಲಿಸಿದರೆ ಮನೆಯವರಿಗೆ ಸಮಾಧಾನ, ಪಕ್ಕದ ಮನೆಯವನಿಗೆ ಅದು ಉತ್ತರವೇ ಅಲ್ಲ.

ಉಳಿದ ಒಂದು ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅದು ಇಬ್ನ್ ಸೀನಾನದು. ಪ್ರತಿ ವಸ್ತುವೂ ಇಲ್ಲದೆಯೂ ಇರಬಹುದಿತ್ತು, ಹಾಗಿದ್ದೂ ಇದೆ. ಹಾಗಾದರೆ ಇರಲೇಬೇಕಾದ ಒಂದು ಇಲ್ಲದೆ ಇವೆಲ್ಲ ಹೇಗೆ ನಿಂತವು? ನಮ್ಮ ಕಮಲಾಪುರದ ಕೆಂಬಾಳೆ ಗೊತ್ತಲ್ಲ, ಜಿಐ ಟ್ಯಾಗ್ ಇರುವ ಹಣ್ಣು. ಬೀಜ ಬಿತ್ತಿ ಅದನ್ನು ಬೆಳೆಸುವುದಿಲ್ಲ. ತಾಯಿಗಿಡದ ಬುಡದ ಕಂದನ್ನು ಕಿತ್ತು ಹಚ್ಚುತ್ತಾರೆ. ಈ ಗಿಡ ಎಲ್ಲಿಂದ ಬಂತು ಅಂದರೆ ಹಿಂದಿನ ಗಿಡದಿಂದ. ಅದು? ಅದರ ಹಿಂದಿನದರಿಂದ. ಪ್ರತಿ ಗಿಡಕ್ಕೂ ಉತ್ತರ ಇದೆ. ಆದರೆ ಕೆಂಬಾಳೆ ಅನ್ನೋದು ಯಾಕೆ ಇದೆ ಅಂದರೆ ಆ ಸಾಲಿನ ಯಾವ ಗಿಡವೂ ಉತ್ತರ ಹೇಳೋದಿಲ್ಲ. ಜಗತ್ತಿಗೆ ಶುರು ಇದೆ ಅಂತ ಬರೀ ಬುದ್ಧಿಯಿಂದ ತೋರಿಸಲಾಗದು ಅಂತ ಕ್ರೈಸ್ತ ತತ್ತ್ವಜ್ಞ ಥಾಮಸ್ ಅಕ್ವಿನಾಸನೇ ಒಪ್ಪಿದ್ದ. ಆದರೂ ಈ ಪ್ರಶ್ನೆ ಉಳಿಯುತ್ತದೆ. ಏನೂ ಇಲ್ಲದಿರುವ ಬದಲು ಏನೋ ಒಂದು ಯಾಕೆ ಇದೆ? ಬಿಗ್ ಬ್ಯಾಂಗ್ ಇದಕ್ಕೆ ಉತ್ತರ ಅಲ್ಲ, ಅದು ಸಾಲಿನ ಹಳೆಯ ಗಿಡ ಅಷ್ಟೇ.

ಈ ವಾದವನ್ನು ಪೂರ್ತಿ ಒಪ್ಪಿಕೊಂಡೆವು ಅಂತಲೇ ಇಟ್ಟುಕೊಳ್ಳೋಣ. ಕೈಗೆ ಬಂದದ್ದೇನು? ‘ಇರಲೇಬೇಕಾದ ಏನೋ ಒಂದು’. ಅದು ಜಗತ್ತೇ ಇರಬಹುದು, ಯಾವುದೋ ಮೂಲ ನಿಯಮ ಇರಬಹುದು. ಅದಕ್ಕೆ ಕಿವಿ ಇದೆ ಅಂತ ಸಾಬೀತಾಗಲಿಲ್ಲ. ಹರಕೆ ಮುಟ್ಟುತ್ತದೆ ಅಂತ ಸಾಬೀತಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಟೈಪ್ ಎರರ್. ಫಂಕ್ಷನ್ ಹಿಂತಿರುಗಿಸಿದ್ದು ‘ಕಾರಣ’, ಕರೆದವನು ಕಾಯುತ್ತಿದ್ದದ್ದು ‘ಅಪ್ಪಾ’ ಅಂದರೆ ಓ ಅನ್ನುವವನಿಗಾಗಿ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ನಿಂತ ಬೆಳೆ ನಿಂತಲ್ಲೇ ಒಣಗಿತು. ಕಮಲಾಪುರದ ಹತ್ತಿರ ನಮ್ಮ ಕಾಕಾನ ಹೊಲವೂ ಹೋಯಿತು. ಆ ದಿನಗಳಲ್ಲೇ ಮನೆಮಂದಿಯ ಗುಂಪಿಗೆ, ಬೆಂಗಳೂರಿನಲ್ಲಿರುವ ನಮ್ಮ ಪೈಕಿ ಹುಡುಗನೊಬ್ಬ ದೇವರಿಗೆ ಸಾಕ್ಷಿ ಕೊಡುವ ವಿಡಿಯೋ ಒಂದನ್ನು ಹಾಕಿದ್ದ. ಧೈರ್ಯ ಬರಲಿ ಅಂತಲೇ ಹಾಕಿರಬೇಕು. ಕಾಕಾ ಪೂರ್ತಿ ನೋಡಿ ನನಗೆ ಫೋನ್ ಮಾಡಿದಾಗ ಹೇಳಿದ್ದು ಇಷ್ಟು: ‘ಅಂವ ಅದಾನ ಅಂತ ಹೇಳಲಾಕ ಇಷ್ಟು ಮಾತ್ಯಾಕ ಬೇಕಪಾ? ಅದಾನ ಅಂತನೇ ನಾ ಕೇಳ್ಲಕತ್ತೀನಿ, ಯಾಕ ಹಿಂಗ ಮಾಡ್ದಿ ಅಂತ.’

ಅವನ ಪ್ರಶ್ನೆ ಉದಯನನದಲ್ಲ. ಜಿನಸೇನನ ಮೂರನೆಯ ಪ್ರಶ್ನೆ ಅದು. ಆದರೆ ಜಿನಸೇನ ಅದನ್ನು ಎದುರಾಳಿಯ ಬಾಯಿ ಮುಚ್ಚಿಸಲು ಕೇಳಿದ, ಕಾಕಾ ದೇವರನ್ನೇ ಕೇಳಿದ. ‘ಅವರವರ ಕರ್ಮ, ದೇವರಿಗೆ ಪಕ್ಷಪಾತ ಇಲ್ಲ’ ಅನ್ನೋ ವೇದಾಂತದ ಉತ್ತರ ಇದೆ. ಅದು ಶಾಸ್ತ್ರದಿಂದ ಬಂದದ್ದೇ ಹೊರತು ಗಡಿಗಿಯಿಂದ ಊಹಿಸಿದ್ದಲ್ಲ. ಒಣಗಿದ ಹೊಲದ ಬದುವಿನ ಮೇಲೆ ನಿಂತು ಅದನ್ನು ಒಬ್ಬ ರೈತನಿಗೆ ಹೇಳುವ ಬಾಯಿ ನನಗಂತೂ ಇಲ್ಲ. ಗೋಡೆಲ್‌ನ ಸಾಬೀತಾದ ದೇವರಂತೂ ಇನ್ನೂ ಕಷ್ಟ. ಅಲ್ಲಿ ಎಲ್ಲವೂ ಆಗಲೇಬೇಕಿತ್ತು. ‘ಯಾಕ ಹಿಂಗ’ ಅಂತ ಕೇಳೋದಕ್ಕೇ ಅರ್ಥವಿಲ್ಲ. ದೇವರು ಸಾಬೀತಾದ, ಅವನ ಜೊತೆ ಜಗಳ ಆಡುವ ಹಕ್ಕು ಹೋಯಿತು.

ಅದಕ್ಕೇ ನನ್ನ ಉತ್ತರ ಸ್ಪಷ್ಟ. ಶಾಸ್ತ್ರೀಯ ವಾದಗಳು, ನಮ್ಮವಾಗಲಿ ಪಶ್ಚಿಮದವಾಗಲಿ, ದೇವರನ್ನು ಸಾಬೀತು ಮಾಡಿಲ್ಲ. ದೇವರಿಲ್ಲ ಅಂತಲೂ ಸಾಬೀತು ಮಾಡಿಲ್ಲ. ಹಾಗಂತ ಅವು ವ್ಯರ್ಥವಲ್ಲ. ಹುತ್ತವನ್ನು ತೋರಿಸಿದ ಧರ್ಮಕೀರ್ತಿ, ವಿವಾದದ ಗೆರೆ ಎಳೆದ ನೈಯಾಯಿಕರು, ‘ಒಬ್ಬನೇ ಯಾಕೆ’ ಅಂತ ಕೇಳಿದ ರಾಮಾನುಜರು ನಮಗೆ ಕಲಿಸಿದ್ದು, ಎಷ್ಟು ಹೇಳಲು ನಮಗೆ ಅಧಿಕಾರ ಇದೆ, ಎಲ್ಲಿ ಬಾಯಿ ಮುಚ್ಚಬೇಕು ಅನ್ನೋದನ್ನು. ಆ ಶಿಸ್ತು ಹೋದರೆ ಸಾಬೀತು ಅನ್ನೋದು ಹತಾರ ಆಗುತ್ತದೆ. ನನ್ನ ದೇವರು ಸಾಬೀತಾಗಿದ್ದಾನೆ ಅಂದಮೇಲೆ ಒಪ್ಪದವನು ದಡ್ಡ ಇಲ್ಲವೇ ಕಳ್ಳ. ಗುಡಿ, ದರ್ಗಾ, ವಿಹಾರ ಒಂದೇ ಊರಿನಲ್ಲಿರುವಾಗ ಇದು ಪುಸ್ತಕದ ಮಾತಾಗಿ ಉಳಿಯೋದಿಲ್ಲ. ಕಲಬುರಗಿಯವರು ಇಷ್ಟು ಕಾಲ ಒಟ್ಟಿಗೆ ಬಾಳಿದ್ದು ಯಾರೋ ಒಬ್ಬರು ವಾದದಲ್ಲಿ ಗೆದ್ದಿದ್ದರಿಂದಲ್ಲ.

ಮುಂದಿನ ಸಲ ಆ ಫಾರ್ವರ್ಡ್ ಬಂದಾಗ ಇಮೋಜಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳ್ರಿ. ಇದು ಏನನ್ನು ಮೊದಲೇ ಒಪ್ಪಿಕೊಂಡು ಶುರುವಾಗಿದೆ? ಉದಾಹರಣೆಗಳೆಲ್ಲ ಮನುಷ್ಯ ಮಾಡಿದ ವಸ್ತುಗಳೇ ಏನು? ಕೊನೆಗೆ ಸಿಕ್ಕವನು, ನೀವು ಕೈ ಮುಗಿಯುವವನೇ ಏನು? ಮೂರಕ್ಕೂ ಉತ್ತರ ಹುಡುಕುವಷ್ಟು ಪುರುಸೊತ್ತು ಸಿಕ್ಕರೆ ಒಂದು ಭಾನುವಾರ ಮಳಖೇಡಕ್ಕೆ ಹೋಗಿ ಬರ್ರಿ. ಕೋಟೆ ಹಾಳು ಬಿದ್ದಿದೆ, ಬಸದಿ ಇದೆ, ಮಠವೂ ಇದೆ.